ಪದ್ಮನಾಭನಗರದಲ್ಲಿ ಪಡುವಣ ಯಾವ ಕಡೆ?

ಮೊನ್ನೆ ಜೆ.ಪಿ. ನಗರದಲ್ಲಿ ಒಂದು ಗೃಹಪ್ರವೇಶಕ್ಕೆ ಹೊರಟಿದ್ದೆ. ಆಟೋ ಹತ್ತಿ ಫೋನಿನಲ್ಲಿ ವಿಳಾಸ ಹಾಕಿದ ಕೂಡಲೇ ಒಳಗಿನ ಹೆಣ್ಣುದನಿ ಬಹಳ ಗಂಭೀರವಾಗಿ, ಉತ್ತರ ದಿಕ್ಕಿಗೆ ಹೋಗಿ ಎಂದಿತು. ಆಟೋದವನು ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ.

"ಉತ್ತರ ಅಂದ್ರೆ ಯಾವ ಕಡೆ ಸಾರ್?"

"ನೀವೇ ಹೇಳ್ಬೇಕಪ್ಪ."

"ಲೆಫ್ಟಾ, ರೈಟಾ ಅಂತ ಹೇಳಕ್ಕೆ ಏನ್ ಕಷ್ಟ ಇವಳಿಗೆ?" ಎಂದು ಗೊಣಗಿ, ಗಾಡಿಯ ಮೂತಿ ಯಾವ ಕಡೆಗಿತ್ತೋ ಆ ಕಡೆಗೇ ಹೊರಟುಬಿಟ್ಟ. ಅದು ದಕ್ಷಿಣವಾಗಿತ್ತಂತೆ. ಹೆಣ್ಣುದನಿ ಬೇರೆ ದಾರಿ ಹುಡುಕಿಕೊಂಡಿತು.

ಅವನ ಪ್ರಶ್ನೆಯನ್ನು ಅವನಿಗೇ ತಿರುಗಿಸಿ ಕೂತಿದ್ದ ನಾನು ಯಾರು ಗೊತ್ತೇ? ಪದ್ಮನಾಭನಗರದ ಟ್ಯೂಷನ್ ಸೆಂಟರೊಂದರಲ್ಲಿ ಹತ್ತನೇ ಕ್ಲಾಸಿನ ಮಕ್ಕಳಿಗೆ ಭೂಗೋಳ ಹೇಳಿಕೊಡುವ ಮೇಷ್ಟರು. ನಗಬೇಡಿ. ನಕ್ಕರೂ ಪರವಾಗಿಲ್ಲ, ನಮ್ಮ ಮನೆಯಲ್ಲಿ ಈ ವಿಷಯಕ್ಕೆ ಹದಿನೈದು ವರ್ಷದಿಂದ ನಗುತ್ತಲೇ ಇದ್ದಾರೆ.

ನೋಡಿ, ಬೆಂಗಳೂರಿನ ಈ ಭಾಗದಲ್ಲಿ ಹುಟ್ಟಿ ಬೆಳೆದವರಿಗೆ ದಿಕ್ಕು ಎನ್ನುವುದು ಬೇಕಾಗಿಯೇ ಇರಲಿಲ್ಲ. ನಮಗೆ ಕ್ರಾಸ್ ಇದೆ, ಮೇನ್ ಇದೆ, ಬ್ಲಾಕು, ಸ್ಟೇಜು, ಫೇಸು ಎಲ್ಲ ಇವೆ. ನಾನು ಹುಟ್ಟಿದ್ದು ಜಯನಗರದಲ್ಲಿ. ನಮ್ಮಪ್ಪ ನೆಂಟರಿಗೆ ದಾರಿ ಹೇಳುವಾಗ ಸೂರ್ಯ ಚಂದ್ರರ ಸಹಾಯ ತೆಗೆದುಕೊಂಡವರೇ ಅಲ್ಲ. "ಕಾಂಪ್ಲೆಕ್ಸ್ ಹತ್ರ ಇಳೀರಿ, ಹೂವಿನವರು ಕೂತಿರ್ತಾರೆ, ಅವರ ಎದುರಿಗೆ ಬಂದು ಎರಡನೇ ಕ್ರಾಸಲ್ಲಿ ತಿರುಕ್ಕೊಳ್ಳಿ" ಎನ್ನುತ್ತಿದ್ದರು. ಹೂವಿನವರು ಆ ದಿನ ರಜೆ ಹಾಕಿದ್ದರೆ ನೆಂಟರ ಗತಿ ದೇವರಿಗೇ ಪ್ರೀತಿ.

ಹಾಗೆಂದು ದಿಕ್ಕಿನ ಹೆಸರುಗಳು ನಮಗೆ ಇಲ್ಲದೆ ಇಲ್ಲ. ಸೌತ್ ಎಂಡ್ ಸರ್ಕಲ್ ಇದೆ, ಈಸ್ಟ್ ಎಂಡ್ ಇದೆ. ಯಾರೋ ಪುಣ್ಯಾತ್ಮರು ಒಂದು ಕಾಲದಲ್ಲಿ, ಊರು ಇಲ್ಲಿಗೆ ಮುಗಿಯಿತು, ಇನ್ನು ಮುಂದೆ ಹೊಲ ಎಂದುಕೊಂಡು ಇಟ್ಟ ಹೆಸರುಗಳು. ಅದಾದ ಮೇಲೆ ಬನಶಂಕರಿ ಬಂತು, ಒಂದು ಸ್ಟೇಜು ಸಾಲದೆಂದು ಸ್ಟೇಜಿನ ಮೇಲೆ ಸ್ಟೇಜು ಬಂತು. ಭೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ತಲೆಯಕ್ಷರ ಕೂಡಿಸಿಕೊಂಡು ಬಿಟಿಎಂ ಬಂತು. ಉತ್ತರಹಳ್ಳಿ ಊರಿನ ದಕ್ಷಿಣಕ್ಕಿದೆ. ಇದನ್ನೆಲ್ಲ ನೋಡಿಕೊಂಡು ಬೆಳೆದ ಮಗು ದಿಕ್ಕುಗಳ ಮೇಲೆ ನಂಬಿಕೆ ಇಡುವುದಾದರೂ ಹೇಗೆ ಹೇಳಿ.

ಇನ್ನು ಕರಾವಳಿಯ ವಿಷಯ. ನನಗೆ ಬುದ್ಧಿ ಬರುವ ತನಕ ಉಡುಪಿ ಎಂದರೆ ಒಂದು ಊರು ಎಂದೇ ಗೊತ್ತಿರಲಿಲ್ಲ, ಹೋಟೆಲು ಎಂದುಕೊಂಡಿದ್ದೆ. ಭಾನುವಾರ ಅಪ್ಪ "ಉಡುಪಿಗೆ ಹೋಗೋಣ್ವಾ?" ಎಂದರೆ ನಾವು ಚಡ್ಡಿ ಏರಿಸಿಕೊಂಡು ಎರಡು ರಸ್ತೆ ದಾಟಿ ಅಮೃತಶಿಲೆಯ ಮೇಜಿನ ಮುಂದೆ ಕೂರುತ್ತಿದ್ದೆವು. ಮುಂದೆ ಭೂಪಟದಲ್ಲಿ ಉಡುಪಿ ಎನ್ನುವ ಜಿಲ್ಲೆಯನ್ನು ನೋಡಿದಾಗ ಆ ಜಿಲ್ಲೆಯ ತುಂಬ ಸಾಂಬಾರಿನ ವಾಸನೆ ಇರಬಹುದು ಎಂದು ನನಗೆ ಬಲವಾದ ಗುಮಾನಿ ಬಂದಿತ್ತು.

ಅಂಥವನು ಬೆಳೆದು ಕರಾವಳಿಯ ಪಾಠ ಮಾಡುವವನಾದೆ. ಸಮುದ್ರವನ್ನು ಒಮ್ಮೆಯೂ ನೋಡದೆ! ಪೂರ್ವಕ್ಕೆ ಪಶ್ಚಿಮಘಟ್ಟ, ಪಶ್ಚಿಮಕ್ಕೆ ಅರಬ್ಬಿ ಸಮುದ್ರ, ನಡುವೆ ಇಷ್ಟಗಲದ ನೆಲ. ನದಿಗಳು ಗಿಡ್ಡ, ಮಳೆ ಮಾತ್ರ ಉದ್ದ. ಇಷ್ಟನ್ನು ಹಲಗೆಯ ಮೇಲೆ ಬಣ್ಣಬಣ್ಣದ ಸೀಮೆಸುಣ್ಣದಲ್ಲಿ ಬರೆದು ಮಕ್ಕಳಿಂದ ಭೇಷ್ ಎನ್ನಿಸಿಕೊಳ್ಳುತ್ತಿದ್ದೆ. ಪಕ್ಕದ ಕೋಣೆಯಲ್ಲಿ ಗಣಿತ ಹೇಳಿಕೊಡುತ್ತಿದ್ದವಳು ಸುಮನ, ಕುಂದಾಪುರದ ಕಡೆಯವಳು. ಬಿಟಿಎಂ ಲೇಔಟಿನ ಪೇಯಿಂಗ್ ಗೆಸ್ಟ್ ಕೋಣೆಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಒಂದು ದಿನ ಬಾಗಿಲಲ್ಲಿ ನಿಂತು ನನ್ನ ಕರಾವಳಿಯನ್ನು ನೋಡಿ, "ಸಾರ್, ನಮ್ಮನೆ ಇರೋ ಜಾಗದಲ್ಲಿ ನೀವು ಸಮುದ್ರ ಬರೆದಿದ್ದೀರಿ" ಎಂದಳು. ಹೀಗೆ ಶುರುವಾಯಿತು ನಮ್ಮ ಕತೆ. ಮುಂದಿನದು ನೀವೇ ಊಹಿಸಬಲ್ಲಿರಿ, ಹಾಗಾಗಿ ಒಂದೂವರೆ ವರ್ಷ ಹಾರಿಸುತ್ತೇನೆ.

ನಮ್ಮದು ವಿಭೂತಿಯ ಮನೆ, ಅವರದು ನಾಮದ ಮನೆ. ಅದರ ಬಗ್ಗೆ ಎರಡೂ ಕಡೆಯ ಹಿರಿಯರು ಸಾಕಷ್ಟು ವಾದ ಮಾಡಿ, ಕೊನೆಗೆ ದಣಿದು ಒಪ್ಪಿದ್ದರು. ಬಾಕಿ ಉಳಿದದ್ದು ಸುಮನಳ ಅಮ್ಮನ ಅಮ್ಮ, ಅಮ್ಮಮ್ಮ. ಸುಮನ ನನಗೆ ಮೊದಲೇ ಹೇಳಿಬಿಟ್ಟಿದ್ದಳು: "ನನ್ನ ಸಾಕಿದ್ದು ಅಮ್ಮಮ್ಮ. ಅವರು ಬೇಡ ಅಂದ್ರೆ ನಾನು ಮದುವೆ ಆಗಲ್ಲ. ಆಮೇಲೆ ಬೇಜಾರು ಮಾಡ್ಕೋಬೇಡಿ." ಬೇಜಾರು ಮಾಡಿಕೊಳ್ಳಬೇಡಿ ಎಂದರೆ ಮಾಡಿಕೊಳ್ಳದೆ ಇರಲಾಗುತ್ತದೆಯೇ? ಅಮ್ಮನನ್ನು ಕರೆದುಕೊಂಡು ಅಮ್ಮಮ್ಮನ ಒಪ್ಪಿಗೆ ಕೇಳಲು ಬಸ್ಸು ಹತ್ತಿದೆ.

ಅವರ ಮನೆ ಕುಂದಾಪುರ ದಾಟಿ ಮರವಂತೆಯ ಹತ್ತಿರ. ಹೆದ್ದಾರಿಯ ಒಂದು ಪಕ್ಕ ನದಿ, ಇನ್ನೊಂದು ಪಕ್ಕ ಸಮುದ್ರ. ಬಸ್ಸಿನಿಂದ ಇಳಿದವನು ಎರಡನ್ನೂ ನೋಡುತ್ತ ರಸ್ತೆಯಲ್ಲೇ ನಿಂತುಬಿಟ್ಟೆ. ಇಷ್ಟು ವರ್ಷ ನಾನು ಪಾಠ ಮಾಡಿದ್ದೆಲ್ಲ ನಿಜವಾಗಿಯೂ ಇದೆ ಎಂದು ತಿಳಿದು ಬಹಳ ಸಮಾಧಾನವಾಯಿತು. ಹಿಂದಿನಿಂದ ಲಾರಿಯವನು ಹಾರನ್ ಹೊಡೆದ ಮೇಲೆ ಅಮ್ಮ ತೋಳು ಹಿಡಿದು ಎಳೆದಳು.

ಅಲ್ಲಿನವರಿಗೆ ಎಡ, ಬಲ ಎನ್ನುವುದು ಇಲ್ಲವೇ ಇಲ್ಲ ಎಂದು ನನಗೆ ತಿಳಿದದ್ದು ಊಟದ ಹೊತ್ತಿಗೆ. ಎಲ್ಲವೂ ಮೂಡು, ಪಡು, ತೆಂಕ, ಬಡಗ. "ಉಪ್ಪಿನಕಾಯಿ ಭರಣಿ ಸ್ವಲ್ಪ ಬಡಗಕ್ಕೆ ಸರಿಸು" ಎನ್ನುತ್ತಾರೆ. ಪಕ್ಕದ ಮನೆಗಳ ಹೆಸರೇ ಮೂಡುಮನೆ, ತೆಂಕುಮನೆ. ಸಮುದ್ರವೊಂದು ಇಡೀ ದಿನ ಪಡುವಣದಲ್ಲಿ ನಿಂತು ಕೂಗುತ್ತಿರುವಾಗ ದಿಕ್ಕು ತಪ್ಪುವುದಾದರೂ ಹೇಗೆ? ಎರಡು ಸಾಲು ಎಲೆ ಹಾಕಿದ್ದರು. ಅಮ್ಮಮ್ಮ ನನಗೆ, "ನೀವು ಪಡುಬದಿ ಸಾಲಂಗೆ ಕೂಕಣಿ" ಎಂದರು.

ನಾನು ಒಂದು ಕ್ಷಣವೂ ಯೋಚಿಸದೆ ಎಡಗಡೆಯ ಸಾಲಿಗೆ ಹೋಗಿ ಕೂತೆ. ಯಾಕೆಂದರೆ ಪಶ್ಚಿಮ ಎಡಗಡೆಗಿರುತ್ತದೆ. ನನ್ನ ಹಲಗೆಯ ಮೇಲೆ ಯಾವತ್ತೂ ಎಡಗಡೆಗೇ ಇತ್ತು. ನಮ್ಮ ತರಗತಿಯಲ್ಲಿ ಅರಬ್ಬಿ ಸಮುದ್ರ ಎಂದರೆ ಮಕ್ಕಳೆಲ್ಲ ಎಡಗಡೆಯ ಕಿಟಕಿ ತೋರಿಸುತ್ತಿದ್ದರು, ಆ ಕಿಟಕಿಯಾಚೆ ಒಂದು ಡ್ರೈ ಕ್ಲೀನಿಂಗ್ ಅಂಗಡಿ ಇದ್ದರೂ ಕೂಡ. ಇಲ್ಲಿ ನಾನು ಕೂತದ್ದು ಮೂಡು ಸಾಲಿನಲ್ಲಿ, ಹೆಂಗಸರ ನಡುವೆ. ಎದುರುಗೋಡೆಯ ಆಚೆಗೇ ಅರಬ್ಬಿ ಸಮುದ್ರ ಭೋರಿಡುತ್ತಿತ್ತು. ನಗು ತಡೆಯಲಾಗದೆ ಸುಮನಳ ಅತ್ತೆಯೊಬ್ಬರು ಸೆರಗನ್ನು ಬಾಯಿಗೆ ಇಟ್ಟುಕೊಂಡರು.

ಅಮ್ಮಮ್ಮ ಮಾತ್ರ ನಗಲಿಲ್ಲ. ಮೊಮ್ಮಗಳನ್ನು ಕೇಳಿದರು: "ಇವರು ಪಾಠ ಹೇಳುದ್ ಎಂತದ್ದ್?"

ಸುಮನ ಎಲೆಯ ಕಡೆ ನೋಡುತ್ತ ಸಣ್ಣ ದನಿಯಲ್ಲಿ, "ಭೂಗೋಳ" ಎಂದಳು.

ಊಟವಾದ ಮೇಲೆ ಜಗಲಿಯಲ್ಲಿ ನಿಜವಾದ ಪರೀಕ್ಷೆ. ಸಂಬಳ ಎಷ್ಟು, ಮನೆ ಸ್ವಂತದ್ದೋ ಎಂಬ ಪ್ರಶ್ನೆಗಳಿಗೆಲ್ಲ ತಯಾರಾಗಿ ಬಂದಿದ್ದೆ. ಅಮ್ಮಮ್ಮ ಕೇಳಿದ್ದು ಬೇರೆ. "ನಿಮ್ಮನಿ ಎದುರು ಮಳಿ ಬಂದ್ರೆ ನೀರ್ ಎಲ್ಲಿಗ್ ಹೋತ್ತ್?"

"ಮೋರಿಗೆ ಅಮ್ಮಮ್ಮ."

"ಮೋರಿಯಿಂದ?"

"ದೊಡ್ಡ ಮೋರಿಗೆ."

"ಅಲ್ಲಿಂದ?"

ನಾನು ಸುಮನಳನ್ನು ನೋಡಿದೆ. ಅವಳು ತೆಂಗಿನ ಮರ ನೋಡುತ್ತಿದ್ದಳು. ಅಮ್ಮಮ್ಮನ ಲೆಕ್ಕ ಸರಳವಾಗಿತ್ತು. ಅವರ ಊರಿನಲ್ಲಿ ಘಟ್ಟದ ಮೇಲೆ ಬಿದ್ದ ನೀರು ಹೊಳೆಯಾಗಿ ಇಳಿದು, ಮನೆಯ ಮೂಡುಬದಿಯಲ್ಲಿ ಹಾದು, ಗಂಗೊಳ್ಳಿಯ ಹತ್ತಿರ ಉಳಿದ ಹೊಳೆಗಳ ಜೊತೆ ಕೂಡಿ ಸಮುದ್ರ ಸೇರುತ್ತದೆ. ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂಬುದು ಕಣ್ಣಿಗೆ ಕಾಣುತ್ತದೆ. "ನೀರ್ ಎಲ್ಲಿಗ್ ಹೋತ್ತ್ ಅಂದೇಳಿ ಗೊತ್ತಿಲ್ಲದ ಊರಿಗೆ ಹೆಣ್ಣ್ ಕೊಡುಕೆ ನಂಗೆ ಧೈರ್ಯ ಇಲ್ಲ. ನಾನೇ ಬಂದ್ ಕಾಂತೆ" ಎಂದರು. ಬೇಡ ಎಂದೂ ಅಲ್ಲ, ಆಗಲಿ ಎಂದೂ ಅಲ್ಲ. ವಾಪಸು ಬರುವ ಬಸ್ಸಿನಲ್ಲಿ ಅಮ್ಮ, "ಏನೋ ಇದು, ಮೋರಿ ನೋಡಕ್ಕೆ ಬರ್ತಾರಂತಾ?" ಎಂದು ಎರಡು ಸಲ ಕೇಳಿದಳು. ನನಗೆ ನಿದ್ದೆ ಬರಲಿಲ್ಲ.

ಬಂದೇ ಬಂದರು. ಮೇ ತಿಂಗಳ ಒಂದು ಬೆಳಿಗ್ಗೆ, ಉದ್ದ ಹಿಡಿಯ ಕಪ್ಪು ಛತ್ರಿ ಹಿಡಿದು, ಸುಮನಳ ಜೊತೆ ಪದ್ಮನಾಭನಗರದ ನಮ್ಮ ಮನೆಯ ಮುಂದೆ ಆಟೋದಿಂದ ಇಳಿದರು. ಗೇಟಿನಲ್ಲಿ ನಿಂತು ಮೊದಲು ಕೇಳಿದ್ದೇ, "ಮೂಡು ಯಾವ ಬದಿ?" ನಮ್ಮಮ್ಮನಿಗೆ ಖುಷಿಯೋ ಖುಷಿ. ಬೆಂಗಳೂರಿನವರಿಗೆ ಗೊತ್ತಿರುವ ದಿಕ್ಕು ಅದೊಂದೇ. "ಈಸ್ಟ್ ಫೇಸಿಂಗ್ ಅಮ್ಮಾ ನಮ್ದು! ಸೈಟ್ ತಗೊಳ್ಳೋವಾಗ್ಲೇ ನೋಡಿ ತಗೊಂಡ್ವಿ" ಎಂದು ಬಾಗಿಲು ಪೂರ್ತಿ ತೆಗೆದು ತೋರಿಸಿದಳು. ಅಮ್ಮಮ್ಮ ತಲೆಯಾಡಿಸಿದರು. ನನಗೆ ಅರ್ಧ ಮದುವೆಯಾದಷ್ಟು ನೆಮ್ಮದಿ.

ಮಧ್ಯಾಹ್ನ ಹೋಳಿಗೆ, ಸೀಕರಣೆ. ನಾನು, ಸುಮನ ಇಬ್ಬರೂ ರಜೆಯ ಬ್ಯಾಚಿಗೆ ಪಾಠ ಮಾಡಲು ಹೋದೆವು. ಮೂರರ ಹೊತ್ತಿಗೆ ಒಂದು ಜೋರು ಮಳೆ ಬಂದು ನಿಂತಿತು. ಪಾಠ ಮುಗಿಸಿ ಬಂದರೆ ಅಮ್ಮ ಗೇಟಿನಲ್ಲೇ ನಿಂತಿದ್ದಾಳೆ.

"ಅಜ್ಜಿ ಕಾಣಿಸ್ತಿಲ್ಲ ಕಣೋ. ಹೋಳಿಗೆ ಊಟ, ಒಂಚೂರು ಕಣ್ಣು ಮುಚ್ಚಿದೆ. ಎದ್ದು ನೋಡಿದ್ರೆ ಚಪ್ಪಲೀನೂ ಇಲ್ಲ, ಛತ್ರೀನೂ ಇಲ್ಲ."

ಸುಮನ ಮೊದಲು ನಕ್ಕಳು. "ಅಮ್ಮಮ್ಮ ದಾರಿ ತಪ್ಪೋದಾ? ಸಾಧ್ಯನೇ ಇಲ್ಲ. ಬರ್ತಾರೆ" ಎಂದಳು. ಕಾಫಿ ಅರ್ಧ ಕುಡಿದವಳು ಲೋಟ ಕೆಳಗಿಟ್ಟು ಮತ್ತೆ ಚಪ್ಪಲಿ ಮೆಟ್ಟಿದಳು. ಅವಳು ಬಸ್‌ಸ್ಟಾಪಿನ ಕಡೆ ಓಡಿದಳು. ನಾನು ಗೇಟಿನ ಮುಂದೆ ನಿಂತು, ಈ ಹೆಂಗಸು ಎಲ್ಲಿಗೆ ಹೋಗಿರಬಹುದು ಎಂದು ಯೋಚಿಸಿದೆ. ಕಾಲ ಬುಡದಲ್ಲಿ ಮಳೆಯ ನೀರು ಮೋರಿಯಲ್ಲಿ ಜುಳುಜುಳು ಹರಿಯುತ್ತಿತ್ತು. ಅರೆ, ಇವರು ಬಂದದ್ದೇ ಇದನ್ನು ನೋಡಲು ಅಲ್ಲವೇ ಎಂದು ಹೊಳೆಯಿತು.

ಮೂವತ್ತು ದಾಟಿದ ವಯಸ್ಸಿನಲ್ಲಿ ಮೊದಲ ಸಲ ನಮ್ಮ ಮನೆಯ ಮೋರಿಯ ನೀರಿನ ಜೊತೆ ನಡೆದೆ. ಅದು ಮೂರು ಮನೆ ದಾಟಿ ತಿರುಗಿತು, ಚಪ್ಪಡಿಯ ಕೆಳಗೆ ಮಾಯವಾಗಿ ಇನ್ನೊಂದು ಕ್ರಾಸಿನಲ್ಲಿ ಎದ್ದಿತು. ತಳ್ಳುಗಾಡಿಯಲ್ಲಿ ಇಸ್ತ್ರಿ ಮಾಡುತ್ತಿದ್ದ ಹೆಂಗಸನ್ನು ವಿಚಾರಿಸಿದೆ.

"ಛತ್ರಿ ಅಜ್ಜಿನಾ? ಹ್ಞೂ ಸಾರ್, ಮೋರಿ ಇಣುಕ್ಕೊಂಡು ಇಣುಕ್ಕೊಂಡು ಹೋದ್ರು. ಓಲೆಗೀಲೆ ಬಿದ್ದೋಯ್ತಾ ಅಂತ ಕೇಳ್ದೆ. ಇಲ್ಲ, ನೀರು ನೋಡ್ತಿದೀನಿ ಅಂದ್ರು."

ಹಾಗೇ ಇಳಿದು ಇಳಿದು, ಲೇಔಟಿನ ನಂತರ ಇನ್ನೊಂದು ಲೇಔಟು ಹಾದು, ಉತ್ತರಹಳ್ಳಿಯ ಕಡೆಯ ಯಾವುದೋ ರಾಜಕಾಲುವೆಯ ತಡೆಗೋಡೆಯ ಹತ್ತಿರ ಬಂದೆ. ಬೆಂಗಳೂರಿನಲ್ಲಿ ದೊಡ್ಡ ಮೋರಿಗೆ ನಾವು ಇಟ್ಟಿರುವ ಘನವಾದ ಹೆಸರು ಅದು. ಪಕ್ಕದ ಬೇಕರಿಯವರು ಕೊಟ್ಟ ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಮಡಿಲಲ್ಲಿ ಛತ್ರಿ ಇಟ್ಟುಕೊಂಡು ಅಮ್ಮಮ್ಮ ಕೂತಿದ್ದರು. ಹೋದ ಜೀವ ಬಂದಂತಾಯಿತು. ಅವರ ಮುಖ ಮಾತ್ರ ಬಾಡಿತ್ತು.

"ತಗ್ಗಿಗೆ ಇಳದ್ರೆ ಪಡು, ಏರಿ ಬಂದ್ರೆ ಮೂಡು. ಹಾಂಗೆ ಲೆಕ್ಕ ಹಾಕಿ ಹೊರ್ಟೆ" ಎಂದರು. "ನಿಮ್ಮೂರಂಗೆ ಎಲ್ಲ ಬದಿಯೂ ತಗ್ಗು, ಎಲ್ಲ ಬದಿಯೂ ಏರು. ಸೂರ್ಯನೂ ಇಲ್ಲ. ಈ ಪ್ರಾಯದಂಗೆ ನಂಗೆ ದಾರಿ ತಪ್ಪಿತ್ತ್."

ನನಗೆ ಪಾಪ ಎನ್ನಿಸಿತು. ಘಟ್ಟದ ಕೆಳಗೆ ಹುಟ್ಟಿದವರು ಮಾತ್ರ ಮಾಡಬಲ್ಲ ತಪ್ಪು ಅದು. ಅಲ್ಲಿ ಇಳಿಜಾರೆಲ್ಲ ಸಮುದ್ರಕ್ಕೇ ಹೋಗುತ್ತದೆ. ನಮ್ಮದು ಗುಡ್ಡದ ಬೆನ್ನಿನ ಊರು, ಇಲ್ಲಿ ನೀರು ಮನಸ್ಸು ಬಂದ ಕಡೆಗೆ ಇಳಿಯುತ್ತದೆ.

"ಆಯ್ತ್, ಮನೆ ಯಾವ ಬದಿ ಹೇಳಿ" ಎನ್ನುತ್ತ ಎದ್ದು ನಿಂತರು.

ಆಗ ಸುತ್ತ ನೋಡಿದೆ. ಎಲ್ಲ ಕಡೆಯೂ ಒಂದೇ ತರದ ಅಪಾರ್ಟ್‌ಮೆಂಟು, ಒಂದೇ ತರದ ಗೇಟು, ಒಂದೇ ತರದ ಹೊಂಗೆ ಮರ. ದಾರಿಯುದ್ದಕ್ಕೂ ನನ್ನ ಕಣ್ಣು ಮೋರಿಯಲ್ಲೇ ಇತ್ತು, ಎಷ್ಟು ಸಲ ತಿರುಗಿದೆ, ಯಾವ ಕಡೆ ತಿರುಗಿದೆ, ಒಂದೂ ನೆನಪಿಲ್ಲ. ಜೇಬಿನಲ್ಲಿದ್ದ ಫೋನಿಗೆ ಆಗ ಮಾತಾಡಲು ಮಾತ್ರ ಬರುತ್ತಿತ್ತು, ದಾರಿ ತೋರಿಸಲು ಬರುತ್ತಿರಲಿಲ್ಲ. ಸುಮನಳಿಗೆ ಫೋನ್ ಮಾಡಿ, ಅಮ್ಮಮ್ಮ ಸಿಕ್ಕರು ಎಂದೆ. ಎಲ್ಲಿದ್ದೀರಿ ಎಂದಳು, ಬೇಕರಿ ಹತ್ತಿರ ಎಂದೆ. ಬೆಂಗಳೂರಿನಲ್ಲಿ ಬೇಕರಿ ಹತ್ತಿರ ಎಂದರೆ ಭೂಮಿಯ ಮೇಲೆ ಎಂದ ಹಾಗೆ.

ಈ ಕಡೆ ಬನ್ನಿ ಎಂದು ಠೀವಿಯಿಂದ ಯಾವುದಾದರೂ ರಸ್ತೆಗೆ ಕೈ ತೋರಿಸಿಬಿಡೋಣ ಎಂದು ಕೈ ಅರ್ಧ ಎತ್ತಿದ್ದೆ. ಪಡುಸಾಲಿನಲ್ಲಿ ಕೂರಲು ಬರದವನು ಈಗ ತನ್ನ ಮನೆಯ ದಾರಿಯೂ ಗೊತ್ತಿಲ್ಲ ಎಂದರೆ ಮದುವೆಯ ಆಸೆ ಅಲ್ಲಿಗೆ ಮುಗಿಯಿತು. ಆದರೆ ಅವರ ಚಪ್ಪಲಿ ಕೆಸರಾಗಿತ್ತು, ಕಾಲು ಎಳೆದು ನಿಲ್ಲುತ್ತಿದ್ದರು. ಆ ಕಾಲುಗಳನ್ನು ಸುಮ್ಮಸುಮ್ಮನೆ ನಡೆಸಲು ಮನಸ್ಸು ಬರಲಿಲ್ಲ.

"ನಂಗೂ ಗೊತ್ತಿಲ್ಲ ಅಮ್ಮಮ್ಮ" ಎಂದೆ. "ಮೋರಿ ನೋಡ್ಕೊಂಡು ಬಂದೆ, ದಾರಿ ನೋಡ್ಲಿಲ್ಲ. ಕೇಳ್ಕೊಂಡು ಹೋಗೋಣ ಬನ್ನಿ."

ಅವರು ನನ್ನನ್ನು ಒಂದು ತರ ನೋಡಿದರು. ಅದರ ಅರ್ಥ ನನಗಾಗಲಿಲ್ಲ.

ನಮ್ಮ ಊರಿನವರ ಒಂದು ದೊಡ್ಡ ಗುಣವೆಂದರೆ ದಾರಿ ಕೇಳಿದವರನ್ನು ಬರಿಗೈಯಲ್ಲಿ ಕಳಿಸುವುದಿಲ್ಲ. ಗೊತ್ತಿರಲಿ, ಇಲ್ಲದಿರಲಿ, ಏನಾದರೂ ಕೊಟ್ಟೇ ಕಳಿಸುತ್ತಾರೆ. ಬೇಕರಿಯವರು "ಸ್ಟ್ರೇಟ್ ಹೋಗಿ ಲೆಫ್ಟ್" ಎಂದರು. ಸ್ಟ್ರೇಟ್ ಹೋದರೆ ಗೋಡೆ ಇತ್ತು. ಬೈಕಿನಲ್ಲಿ ಬಂದ ಹುಡುಗಿಯೊಬ್ಬಳು "ಆಂಟೀ, ಅದು ಈ ಕಡೆ ಅಲ್ವೇ ಅಲ್ಲ" ಎಂದು ಬಂದ ದಾರಿಗೇ ವಾಪಸು ಕಳಿಸಿದಳು. ಮತ್ತೆ ಬೇಕರಿ ಸಿಕ್ಕಿತು. ನಾನು ದಾರಿ ಕೇಳಿದ ಕಡೆಯಲ್ಲೆಲ್ಲ ಅಮ್ಮಮ್ಮ ತಮ್ಮದೊಂದು ಪ್ರಶ್ನೆ ಸೇರಿಸುತ್ತಿದ್ದರು: "ಈ ಕಾಲುವೆ ನೀರ್ ಎಲ್ಲಿಗ್ ಹೋತ್ತ್ ಮಾರಾಯ್ರೆ?"

ಒಬ್ಬರು ಕೆರೆಗೆ ಎಂದರು. ಐದಂತಸ್ತಿನ ಬಾಡಿಗೆ ಕಟ್ಟಡದ ಮುಂದೆ ಕೂತಿದ್ದ ಯಜಮಾನರೊಬ್ಬರು, "ಕೆರೆಗೂ ಇಲ್ಲ, ಹೊಳೆಗೂ ಇಲ್ಲ ಅಮ್ಮಾ, ಸೀದಾ ನಮ್ಮ ಬೇಸ್‌ಮೆಂಟಿಗೆ ಬರತ್ತೆ" ಎಂದರು. ಅಮ್ಮಮ್ಮ ಆ ದಿನ ಮೊದಲ ಸಲ ನಕ್ಕರು. ಆ ಯಜಮಾನರೇ ಆಮೇಲೆ, ಮೊದಲು ಇಲ್ಲೆಲ್ಲ ತಮ್ಮ ರಾಗಿ ಹೊಲ ಇತ್ತು, ಆಗ ನೀರು ವೃಷಭಾವತಿಗೆ ಹೋಗುತ್ತಿತ್ತು, ಈಗಲೂ ಅಲ್ಲಿಗೇ ಹೋಗುತ್ತಿರಬೇಕು ಎಂದರು. ನಮ್ಮ ಮನೆಯ ದಾರಿ ಮಾತ್ರ ಅವರಿಗೂ ಗೊತ್ತಿರಲಿಲ್ಲ, ಆದರೂ ಕೈ ಬೀಸಿ ಒಂದು ಕಡೆ ತೋರಿಸಿದರು.

ನಡೆಯುತ್ತ ಅಮ್ಮಮ್ಮ ತಮ್ಮ ಯಜಮಾನರ ಕತೆ ಹೇಳಿದರು. ಅಜ್ಜಯ್ಯ ಸಾಯುವ ತನಕ ಒಬ್ಬರ ಬಳಿಯೂ ದಾರಿ ಕೇಳಿದವರಲ್ಲವಂತೆ. ಒಮ್ಮೆ ತಂಗಿಯ ಮದುವೆಗೆಂದು ಮನೆಮಂದಿಯನ್ನೆಲ್ಲ ಘಟ್ಟ ಹತ್ತಿಸಿ, ತಪ್ಪು ಊರಿಗೆ ಕರೆದುಕೊಂಡು ಹೋಗಿ, ಇನ್ಯಾರದೋ ಚಪ್ಪರದಲ್ಲಿ ಕೂರಿಸಿದ್ದರಂತೆ. ಪಾಯಸ ಬಡಿ‍ಸುವ ಹೊತ್ತಿಗೆ ಮದುಮಗಳ ಮುಖ ನೋಡಿದ ಅಮ್ಮಮ್ಮ, ಇದು ನಮ್ಮ ಹುಡುಗಿ ಅಲ್ಲ ಎಂದು ಪಿಸುಗುಟ್ಟಿದರೆ, ಅಜ್ಜಯ್ಯ, ಸುಮ್ಮನೆ ಉಣ್ಣು, ನನಗೆ ಗೊತ್ತಿದೆ ಎಂದರಂತೆ.

ನಾನು ನಿಂತು ನಕ್ಕೆ. ಅಮ್ಮಮ್ಮನೂ ನಕ್ಕರು. ಆಮೇಲೆ ಛತ್ರಿಯ ತುದಿ ನೆಲಕ್ಕೆ ಊರಿ, "ನಗಾಡುಕೆ ಚಂದ. ಇಡೀ ಜನ್ಮ ಅವರ ಹಿಂದೆ ನಡ್ದದ್ದ್ ನಾನ್ ಅಲ್ದಾ" ಎಂದರು. ನಾನು ಅವರ ಛತ್ರಿ ಇಸಿದುಕೊಂಡು ಕೈ ಹಿಡಿದುಕೊಂಡೆ.

ಕೊನೆಗೆ ನಮ್ಮನ್ನು ಮನೆ ಮುಟ್ಟಿಸಿದ್ದು ಇಸ್ತ್ರಿ ಗಾಡಿ. ಅದು ಕಂಡದ್ದೇ ಇಬ್ಬರೂ ಸಮುದ್ರದಿಂದ ದಡ ಕಂಡವರ ಹಾಗೆ ನಿಟ್ಟುಸಿರು ಬಿಟ್ಟೆವು. ಗೇಟಿನಲ್ಲಿ ಸುಮನ ಓಡಿ ಬಂದು ಅಮ್ಮಮ್ಮನನ್ನು ತಬ್ಬಿಕೊಂಡು ಅತ್ತಳು, ನಮ್ಮಮ್ಮ ಕಾಲು ತೊಳೆಯಲು ಬಿಸಿನೀರು ತಂದಳು.

ಕಾಫಿ ಕುಡಿಯುವಾಗ ನನ್ನ ಪಾಠ ಒಪ್ಪಿಸಿದೆ. ವೃಷಭಾವತಿ ಅರ್ಕಾವತಿಗೆ, ಅರ್ಕಾವತಿ ಕಾವೇರಿಗೆ, ಕಾವೇರಿ ಬಂಗಾಳಕೊಲ್ಲಿಗೆ. ಇದನ್ನು ವರ್ಷಾವರ್ಷ ಹಲಗೆಯ ಮೇಲೆ ಬರೆದಿದ್ದೆ, ನಮ್ಮ ಮನೆಯ ಮೋರಿ ಅದರ ಬಾಲ ಎಂದು ಮಾತ್ರ ಹೊಳೆದಿರಲಿಲ್ಲ. "ಮೂಡಣ ಸಮುದ್ರಕ್ಕೆ ಅಮ್ಮಮ್ಮ" ಎಂದೆ.

"ಸಮುದ್ರ ಮೂಡುಬದಿಗಾ?" ಅವರು ಲೋಟ ಕೆಳಗಿಟ್ಟರು. "ಹಾಂಗಾರೆ ನಿಮ್ಮೂರಿನ ಒಂದ್ ಹನಿಯೂ ನಮ್ಮ ಬದಿಗೆ ಬತ್ತಿಲ್ಲ."

"ಇಲ್ಲ" ಎಂದೆ. ಸುಳ್ಳು ಹೇಳಿ ಉಪಯೋಗವಿರಲಿಲ್ಲ. ಸುಮನ ಸೆರಗಿನ ಅಂಚು ಹೊಸೆಯುತ್ತಿದ್ದಳು. ನಮ್ಮಮ್ಮ ತಡೆಯಲಾರದೆ, "ಹುಡುಗ ಒಳ್ಳೆಯವನು ಅಮ್ಮಾ, ದಾರಿ ಒಂದು ಗೊತ್ತಾಗಲ್ಲ ಅಷ್ಟೇ" ಎಂದು ನನ್ನ ಪರವಾಗಿ ಒಂದು ಮಾತಾಡಿದಳು.

ಅಮ್ಮಮ್ಮ ಮೊಮ್ಮಗಳ ಕಡೆ ತಿರುಗಿದರು. "ನಂಗೊತ್ತಿಲ್ಲ ಅಂಬ ಗಂಡಸನ್ನ ನಾನ್ ಈ ಜನ್ಮದಂಗೆ ಇವತ್ತೇ ಕಂಡದ್ದ್ ಮಗಾ. ಇವ್ರನ್ನೇ ಮದಿ ಮಾಡ್ಕೋ" ಎಂದರು.

ಗೊತ್ತಿಲ್ಲ ಎಂದು ಬರೆದ ಉತ್ತರಕ್ಕೆ ಪೂರ್ತಿ ಮಾರ್ಕ್ಸ್ ಬಿದ್ದದ್ದು ಮೇಷ್ಟರಾದ ನನ್ನ ಬಾಳಿನಲ್ಲಿ ಅದೊಂದೇ ಸಲ.